ಹುರಿಗಡಲೆ ಮೊಳೆಯುವುದಿಲ್ಲ: ಫ್ಲೂ ಲಸಿಕೆಯ ಬಗ್ಗೆ ಮತ್ತೊಮ್ಮೆ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 58 ವರ್ಷ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ಜುಲೈನಲ್ಲಿ ಮಗಳ ಒತ್ತಾಯಕ್ಕೆ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡೆ. ನಾಲ್ಕನೆಯ ದಿನ ನೆಗಡಿ ಶುರುವಾಗಿ, ಕೆಮ್ಮು, ಜ್ವರ ಎಂದು ಹತ್ತು ದಿನ ನರಳಿದೆ. ಅದುವರೆಗೆ ಚೆನ್ನಾಗಿಯೇ ಇದ್ದೆ. ಮಗಳು ಅಮೆರಿಕದಲ್ಲಿದ್ದಾಳೆ, ಡಿಸೆಂಬರಿನಲ್ಲಿ ಅವಳ ಬಾಣಂತನಕ್ಕೆ ಹೋಗಬೇಕು. ಈ ವರ್ಷವೂ ಚುಚ್ಚುಮದ್ದು ಹಾಕಿಸಿಕೋ ಎನ್ನುತ್ತಿದ್ದಾಳೆ. ಹಾಕಿಸಿಕೊಳ್ಳಬೇಕೇ, ಬೇಡವೇ?

ಉತ್ತರ: ಹಾಕಿಸಿಕೊಳ್ಳಿ. ಈ ಸಲ ಜುಲೈವರೆಗೆ ಕಾಯದೆ ಮೇ ತಿಂಗಳಲ್ಲೇ ಹಾಕಿಸಿಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರತಿವರ್ಷ ಇದೇ ಪ್ರಶ್ನೆ ಬರುತ್ತದೆ. ವಯಸ್ಸು ಬೇರೆ, ಊರು ಬೇರೆ, ದೂರು ಒಂದೇ: ಚುಚ್ಚುಮದ್ದು ಹಾಕಿಸಿಕೊಂಡದ್ದರಿಂದಲೇ ಫ್ಲೂ ಬಂತು. ಇದನ್ನು ಕ್ಲಿನಿಕ್ಕಿನಲ್ಲಿ ಎದುರು ಕೂರಿಸಿಕೊಂಡು ವಿವರಿಸಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತೂ ಹೇಳಿದ್ದೇನೆ. ಹೇಳಿ ಮುಗಿಸಿ ಕೈತೊಳೆಯಲು ಎದ್ದರೆ ಪಕ್ಕದ ಎಲೆಯವರು ಅದನ್ನೇ ಕೇಳುತ್ತಾರೆ. ಈ ಒಂದು ನಂಬಿಕೆಯಿಂದಾಗಿ ಲಸಿಕೆ ಎಲ್ಲರಿಗಿಂತ ಹೆಚ್ಚು ಬೇಕಾದವರೇ ಅದರಿಂದ ದೂರ ಉಳಿಯುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ.

ಫ್ಲೂ ಲಸಿಕೆ ಬಹುಪಾಲು ಇಂದಿಗೂ ಕೋಳಿಮೊಟ್ಟೆಯಲ್ಲೇ ತಯಾರಾಗುತ್ತದೆ. ಹತ್ತು ಹನ್ನೊಂದು ದಿನ ಕಾವು ಕೊಟ್ಟ ಮೊಟ್ಟೆಯೊಳಗೆ ವೈರಸ್ಸನ್ನು ಸೇರಿಸಿ ಬೆಳೆಯಲು ಬಿಡುತ್ತಾರೆ. ಎರಡು ಮೂರು ದಿನಗಳ ನಂತರ ಒಳಗಿನ ದ್ರವವನ್ನು ತೆಗೆದು, ಅದರಲ್ಲಿರುವ ವೈರಸ್ಸನ್ನು ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕ ಬಳಸಿ ಕೊಲ್ಲುತ್ತಾರೆ. ಅಲ್ಲಿಗೂ ಬಿಡುವುದಿಲ್ಲ. ವೈರಸ್ಸಿನ ಮೈಮೇಲೆ ಕೊಬ್ಬಿನ ಒಂದು ಹೊದಿಕೆ ಇರುತ್ತದೆ. ಪಾತ್ರೆಯ ಜಿಡ್ಡನ್ನು ಸಾಬೂನು ಬಿಡಿಸುವ ಹಾಗೆ ಆ ಹೊದಿಕೆಯನ್ನು ಮಾರ್ಜಕದಿಂದ ಕರಗಿಸಿ, ಸತ್ತ ವೈರಸ್ಸನ್ನು ಚೂರುಚೂರು ಮಾಡುತ್ತಾರೆ. ಆ ಚೂರುಗಳಲ್ಲಿ ನಮಗೆ ಮುಖ್ಯವಾಗಿ ಬೇಕಾದದ್ದು ಹಿಮಾಗ್ಲುಟಿನಿನ್ ಎಂಬ ಪ್ರೋಟೀನು. ನಿಮ್ಮ ತೋಳಿಗೆ ಚುಚ್ಚಿದ ಅರ್ಧ ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ಒಂದೊಂದು ತಳಿಯ 15 ಮೈಕ್ರೊಗ್ರಾಂ ಹಿಮಾಗ್ಲುಟಿನಿನ್ ಇರುತ್ತದೆ.

ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಡಲೆ ಎರಡು ದಿನದಲ್ಲಿ ಮೊಳೆಯುತ್ತದೆ. ಹುರಿಗಡಲೆಯನ್ನು ಒಂದು ತಿಂಗಳು ಕಟ್ಟಿಟ್ಟರೂ ಮೊಳೆಯುವುದಿಲ್ಲ. ಈ ಚುಚ್ಚುಮದ್ದಿನಲ್ಲಿ ಇರುವುದು ಹುರಿಗಡಲೆಯೂ ಅಲ್ಲ, ಹುರಿದು ಬೀಸಿದ ಹಿಟ್ಟು. ಫ್ಲೂ ಬರಬೇಕಾದರೆ ವೈರಸ್ಸು ಇಡಿಯಾಗಿ ಗಂಟಲಿನ ಜೀವಕೋಶದೊಳಗೆ ಹೊಕ್ಕು, ಅಲ್ಲಿ ಸಾವಿರಾರು ಮರಿ ಮಾಡಬೇಕು. ಹಿಟ್ಟಿನಿಂದ ಗಿಡ ಹುಟ್ಟುವುದಿಲ್ಲ. ಮೂಗಿಗೆ ಸಿಂಪಡಿಸುವ ಇನ್ನೊಂದು ಬಗೆಯ ಲಸಿಕೆ ಇದೆ, ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ಸು ಇರುವುದು ನಿಜ. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದನ್ನು ಕೊಡುವುದಿಲ್ಲ. ನೀವು ತೋಳಿಗೆ ಹಾಕಿಸಿಕೊಂಡದ್ದು ಅದಲ್ಲ.

ಹಾಗಾದರೆ ಹತ್ತು ದಿನ ನರಳಿದ್ದು ಸುಳ್ಳೇ? ಖಂಡಿತ ಅಲ್ಲ. ನೀವು ನರಳಿದ್ದೂ ನಿಜ, ಚುಚ್ಚುಮದ್ದಿನ ನಂತರ ನರಳಿದ್ದೂ ನಿಜ. ಅದರ ಕಾರಣವನ್ನು ನಿಮ್ಮ ಪತ್ರದಲ್ಲೇ ಹುಡುಕೋಣ. ನೀವು ಹಾಕಿಸಿಕೊಂಡದ್ದು ಜುಲೈನಲ್ಲಿ. ಆರಿದ್ರಾ, ಪುನರ್ವಸು ಮಳೆಯ ದಿನಗಳವು. ಬಟ್ಟೆ ಒಣಗುವುದಿಲ್ಲ, ಕಿಟಕಿ ತೆರೆಯುವುದಿಲ್ಲ, ಗಾಜು ಏರಿಸಿದ ಬಸ್ಸಿನಲ್ಲಿ ಅರ್ಧ ಜನ ಕೆಮ್ಮುತ್ತಿರುತ್ತಾರೆ. ನೆಗಡಿ ಕೆಮ್ಮು ತರುವ ವೈರಸ್ಸುಗಳು ಇನ್ನೂರಕ್ಕೂ ಹೆಚ್ಚು. ಲಸಿಕೆ ತಡೆಯುವುದು ಅವುಗಳಲ್ಲಿ ಇನ್‌ಫ್ಲುಯೆಂಜಾ ಒಂದನ್ನು ಮಾತ್ರ. ನಿಮಗೆ ಮೊದಲು ನೆಗಡಿ, ಆಮೇಲೆ ಕೆಮ್ಮು, ಆಮೇಲೆ ಜ್ವರ ಬಂತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುವುದು ಹೆಚ್ಚಾಗಿ ಬೇರೆ ವೈರಸ್ಸುಗಳ ನಡೆ. ಫ್ಲೂ ಸಾಮಾನ್ಯವಾಗಿ ಬೆಳಿಗ್ಗೆ ಚೆನ್ನಾಗಿದ್ದವರನ್ನು ಸಂಜೆಗೆ ಹಾಸಿಗೆಗೆ ಕೆಡವುತ್ತದೆ: ಒಮ್ಮೆಲೇ ಜ್ವರ, ಚಳಿ, ಮೈಕೈಯೆಲ್ಲ ಒಡೆದುಹಾಕಿದಂಥ ನೋವು.

ಒಂದು ವೇಳೆ ಅದು ಫ್ಲೂವೇ ಆಗಿತ್ತು ಎಂದುಕೊಂಡರೂ ತಪ್ಪು ಲಸಿಕೆಯದಲ್ಲ. ಫ್ಲೂ ವೈರಸ್ಸು ಒಳಹೊಕ್ಕ ಒಂದರಿಂದ ನಾಲ್ಕು ದಿನಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಲಸಿಕೆಯಿಂದ ದೇಹದಲ್ಲಿ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ತಡೆಯುವ ಪ್ರೋಟೀನುಗಳು ತಯಾರಾಗಲು ಸುಮಾರು ಎರಡು ವಾರ ಬೇಕು. ನಾಲ್ಕನೆಯ ದಿನ ನಿಮಗೆ ಇನ್ನೂ ರಕ್ಷಣೆ ಸಿಕ್ಕಿರಲಿಲ್ಲ. ಮಳೆ ಸುರಿಯುತ್ತಿರುವಾಗ ಹಂಚು ಹೊದಿಸಲು ಹತ್ತಿದವರು ನೆನೆಯುತ್ತಾರೆ, ಹಂಚಿನಿಂದ ನೆನೆದೆವು ಎನ್ನಲಾಗುವುದಿಲ್ಲ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 1994-95ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಗರಗಳಲ್ಲಿ 849 ಮಂದಿ ಆರೋಗ್ಯವಂತ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫ್ಲೂ ಲಸಿಕೆ, ಇನ್ನೊಂದಕ್ಕೆ ಲಸಿಕೆಯಂತೆಯೇ ಕಾಣುವ ಔಷಧಿರಹಿತ ಚುಚ್ಚುಮದ್ದು ಕೊಟ್ಟರು. ಯಾರಿಗೆ ಯಾವುದು ಎಂದು ಚುಚ್ಚಿಸಿಕೊಂಡವರಿಗೆ ಗೊತ್ತಿರಲಿಲ್ಲ. ತೋಳು ನೋವು ಲಸಿಕೆಯವರಲ್ಲಿ ಸ್ಪಷ್ಟವಾಗಿ ಹೆಚ್ಚಿತ್ತು: ನೂರಕ್ಕೆ ಸುಮಾರು 64, ಇನ್ನೊಂದು ಗುಂಪಿನಲ್ಲಿ 24. ಆದರೆ ಜ್ವರ, ಸುಸ್ತು, ಮೈಕೈ ನೋವು, ತಲೆನೋವು? ಎರಡೂ ಕಡೆ ಹೆಚ್ಚುಕಡಿಮೆ ಸಮ. ಎರಡೂ ಗುಂಪುಗಳಲ್ಲಿ ಮೂವರಲ್ಲಿ ಒಬ್ಬರಿಗೆ ಇಂಥ ಏನೋ ಒಂದು ತೊಂದರೆ ಆಗಿತ್ತು. ಔಷಧಿಯೇ ಇಲ್ಲದ ಚುಚ್ಚುಮದ್ದು ಪಡೆದ ಆ ಮೂರನೇ ಒಂದು ಭಾಗದ ಜನ ನಮ್ಮೂರಿನಲ್ಲಿದ್ದಿದ್ದರೆ, ಲಸಿಕೆಯಿಂದಲೇ ಜ್ವರ ಬಂತು ಎಂದು ಅವರೂ ಆಣೆ ಮಾಡಿ ಹೇಳುತ್ತಿದ್ದರು. ನನ್ನ ಬಳಿ ಬರುವ ವೈದ್ಯ ವಿದ್ಯಾರ್ಥಿಗಳಿಗೆ ಈ ಒಂದು ಪ್ರಯೋಗವನ್ನು ಬಾಯಿಪಾಠ ಮಾಡಿಸುತ್ತೇನೆ. ಅರ್ಥಮಾಡಿಕೊಂಡ ಹುಡುಗ ಹುಡುಗಿಯರ ಮುಖ ಅರಳುವುದನ್ನು ನೋಡಿದಾಗ ಇಷ್ಟು ವರ್ಷ ಹೇಳಿದ್ದು ಸಾರ್ಥಕವೆನಿಸುತ್ತದೆ.

ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಚುಚ್ಚಿದ ಜಾಗ ನೋಯುತ್ತದೆ. ಕೆಲವರಿಗೆ ಅದೇ ದಿನ ಅಥವಾ ಮರುದಿನ ಮೈ ಬೆಚ್ಚಗಾಗಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹೊರಗಿನ ಪ್ರೋಟೀನನ್ನು ಕಂಡು ದೇಹ ಸಿದ್ಧವಾಗುತ್ತಿರುವ ಲಕ್ಷಣ ಅದು. ಅದರಲ್ಲಿ ಮೂಗು ಸೋರುವುದಿಲ್ಲ, ಕೆಮ್ಮು ಇರುವುದಿಲ್ಲ, ಮನೆಯವರಿಗೆ ಹರಡುವುದಿಲ್ಲ. ಗಿಲನ್ ಬಾರೆ ಎಂಬ ನರಗಳ ಕಾಯಿಲೆ ಹತ್ತು ಲಕ್ಷಕ್ಕೆ ಒಬ್ಬಿಬ್ಬರಲ್ಲಿ ಕಾಣಿಸಿಕೊಳ್ಳಬಹುದು. ಆದರೆ ಅದು ಫ್ಲೂ ಕಾಯಿಲೆಯಿಂದಲೂ ಬರುತ್ತದೆ. ಹಿಂದೆ ಯಾವಾಗಲಾದರೂ ಆ ಕಾಯಿಲೆ ಆಗಿದ್ದರೆ, ಅಥವಾ ಹಿಂದಿನ ಡೋಸಿಗೆ ಮೈಯೆಲ್ಲ ಊದಿ ಉಸಿರುಕಟ್ಟಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಈ ನಂಬಿಕೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನನ್ನ ಅಜ್ಜಿಯ ತೋಳು ಕಣ್ಣಮುಂದೆ ಬರುತ್ತದೆ. ರಟ್ಟೆಯ ಮೇಲೆ ನಾಲ್ಕಾಣೆ ನಾಣ್ಯದಷ್ಟು ದೊಡ್ಡ ಕಲೆ, ಸಿಡುಬಿನ ಲಸಿಕೆಯದು. ಆ ಲಸಿಕೆಯಲ್ಲಿ ಜೀವಂತ ವೈರಸ್ಸೇ ಇತ್ತು. ಚುಚ್ಚಿದ ಜಾಗ ಗುಳ್ಳೆಯೆದ್ದು, ಕೀವಾಗಿ, ಜ್ವರ ಬಂದರೆ ಮಾತ್ರ ‘ಹಿಡಿಯಿತು’ ಎನ್ನುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಲಸಿಕೆ ಎಂದರೆ ಸ್ವಲ್ಪ ಕಾಯಿಲೆ ಬರಿಸುವುದು ಎಂಬ ತಿಳಿವಳಿಕೆ ಆ ಕಾಲದ್ದು, ಆ ಲಸಿಕೆಯ ಮಟ್ಟಿಗೆ ಸರಿಯಾದದ್ದೂ ಹೌದು. ಅದನ್ನು ಫ್ಲೂ ಚುಚ್ಚುಮದ್ದಿಗೆ ಅಂಟಿಸುವುದು ತಪ್ಪು.

ಇನ್ನು ನಿಮ್ಮ ನಿರ್ಧಾರದ ಮಾತು. ಲಸಿಕೆ ಪೂರ್ಣ ರಕ್ಷಣೆ ಕೊಡುವುದಿಲ್ಲ. ತಳಿ ಸರಿಯಾಗಿ ಹೊಂದಿಕೆಯಾದ ವರ್ಷಗಳಲ್ಲಿ ವೈದ್ಯರ ಬಳಿ ಹೋಗಬೇಕಾಗುವಂಥ ಫ್ಲೂವನ್ನು ಶೇ 40ರಿಂದ 60ರಷ್ಟು ತಗ್ಗಿಸುತ್ತದೆ. ಆರೋಗ್ಯವಾಗಿರುವ ಮೂವತ್ತರ ಹರೆಯದವರು ಇದನ್ನು ಕೇಳಿ ಬೇಡವೆಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಆದರೆ ನಿಮಗೆ ಸಕ್ಕರೆ ಕಾಯಿಲೆ ಇದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಆರು ಪಟ್ಟು ಹೆಚ್ಚಿತ್ತು. ಸಕ್ಕರೆ, ಹೃದಯ, ಮೂತ್ರಪಿಂಡ, ಉಬ್ಬಸದ ರೋಗಿಗಳು, ಗರ್ಭಿಣಿಯರು, 65 ದಾಟಿದವರು, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳು, ಆಸ್ಪತ್ರೆಯ ಸಿಬ್ಬಂದಿ: ಇವರಿಗೆಲ್ಲ ನನ್ನ ಉತ್ತರ ಹಾಕಿಸಿಕೊಳ್ಳಿ ಎಂದೇ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಇಲ್ಲ, ಖಾಸಗಿಯಾಗಿ ಒಂದು ಡೋಸಿಗೆ ಸಾವಿರ ರೂಪಾಯಿಗೂ ಮೇಲೆ ಖರ್ಚಾಗುತ್ತದೆ. ಮನೆಯಲ್ಲಿ ಒಬ್ಬರಿಗಷ್ಟೇ ಹಾಕಿಸುವ ಶಕ್ತಿ ಇದ್ದರೆ ದುಡಿಯುವ ಮಗನಿಗಿಂತ ಮೊದಲು ಉಬ್ಬಸದ ಅಜ್ಜನಿಗೆ, ಗರ್ಭಿಣಿ ಸೊಸೆಗೆ ಹಾಕಿಸಿ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ವೃದ್ಧರೊಬ್ಬರು ಎಚ್3ಎನ್2 ಎಂಬ ಬಗೆಯ ಫ್ಲೂ ಸೋಂಕಿನಿಂದ ತೀರಿಕೊಂಡ ಸುದ್ದಿ ಬಂದಾಗ ಕ್ಲಿನಿಕ್ಕಿನ ಮುಂದೆ ಲಸಿಕೆಗೆ ಸಾಲು ನಿಂತಿತ್ತು. ಮರುವರ್ಷ ಅದೇ ಮನೆಗಳ ಹಿರಿಯರನ್ನು ನಾನೇ ಕರೆದು ನೆನಪಿಸಬೇಕಾಯಿತು. ಹಂದಿಜ್ವರಕ್ಕೆ ಬೇರೆ ಚುಚ್ಚುಮದ್ದು ಇದೆಯೇ ಎಂದೂ ಹಲವರು ಕೇಳುತ್ತಾರೆ. ಇಲ್ಲ. 2009ರಲ್ಲಿ ಜಗತ್ತನ್ನು ಸುತ್ತಿದ ಆ ಎಚ್1ಎನ್1 ಈಗ ಪ್ರತಿವರ್ಷ ಬರುವ ಫ್ಲೂಗಳಲ್ಲಿ ಒಂದು, ಇದೇ ಲಸಿಕೆಯಲ್ಲಿ ಅದೂ ಸೇರಿದೆ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ನಿಮಗೆ ಚುಚ್ಚುವ ಲಸಿಕೆ ಯಾವ ಗೋಳಾರ್ಧದ್ದು? ಫ್ಲೂ ವೈರಸ್ಸು ವರ್ಷದಿಂದ ವರ್ಷಕ್ಕೆ ವೇಷ ಬದಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಕುಳಿತು ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸೂಚಿಸುತ್ತಾರೆ: ಉತ್ತರ ಗೋಳಾರ್ಧದ ಚಳಿಗಾಲಕ್ಕಾಗಿ ಫೆಬ್ರುವರಿಯಲ್ಲಿ, ದಕ್ಷಿಣ ಗೋಳಾರ್ಧಕ್ಕಾಗಿ ಸೆಪ್ಟೆಂಬರಿನಲ್ಲಿ. ಭೂಪಟದಲ್ಲಿ ನಾವು ಉತ್ತರದವರು. ಆದರೆ ಶ್ರೀನಗರದಂಥ ಕಡೆ ಬಿಟ್ಟರೆ ಪುಣೆ, ದೆಹಲಿ, ಕೋಲ್ಕತ್ತದಂಥ ಊರುಗಳಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಿ. ನಮ್ಮಲ್ಲೂ ಹಾಗೆಯೇ, ಜೊತೆಗೆ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು. ಉತ್ತರದ ಹೊಸ ಲಸಿಕೆ ಮಾರುಕಟ್ಟೆಗೆ ಬರುವಷ್ಟರಲ್ಲಿ ನಮ್ಮ ಮಳೆಗಾಲ ಮುಗಿಯುತ್ತಿರುತ್ತದೆ. ಹೀಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ದಕ್ಷಿಣ ಗೋಳಾರ್ಧದ ಆ ವರ್ಷದ ಲಸಿಕೆ ಹಾಕಿಸಿಕೊಂಡರೆ ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಪ್ರತಿಕಾಯಗಳು ಸಿದ್ಧವಾಗಿರುತ್ತವೆ. ಪೆಟ್ಟಿಗೆಯ ಮೇಲಿನ ವರ್ಷ, ಗೋಳಾರ್ಧ ಎರಡನ್ನೂ ಓದಿ ಹೇಳಲು ಕೇಳಿ. ಮೂರು ತಳಿಯದೋ ನಾಲ್ಕು ತಳಿಯದೋ ಎಂದು ತಲೆಕೆಡಿಸಿಕೊಳ್ಳಬೇಡಿ. ನಾಲ್ಕನೆಯದಾದ ಬಿ ಯಮಗಾಟಾ ಬಗೆಯ ವೈರಸ್ಸು 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲಿಯೂ ಖಚಿತವಾಗಿ ಕಂಡಿಲ್ಲ.

ಪೆಟ್ಟಿಗೆಯ ಮಾತು ನಿಮಗೆ ಇನ್ನೊಂದು ಕಾರಣಕ್ಕೂ ಬೇಕು. ಡಿಸೆಂಬರಿನಲ್ಲಿ ಬಾಣಂತನಕ್ಕೆ ಹೋಗಬೇಕು ಎಂದು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಆ ಸಾಲಿನ ಮೇಲೇ ನಿಂತಿತು. ಅಮೆರಿಕದಲ್ಲಿ ಫ್ಲೂ ಉಲ್ಬಣಿಸುವುದು ಡಿಸೆಂಬರಿನಿಂದ ಫೆಬ್ರುವರಿಯವರೆಗೆ. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಕೊಡುವಂತಿಲ್ಲ. ಅದಕ್ಕೆ ಸಿಗುವ ರಕ್ಷಣೆ ಎರಡೇ ದಾರಿಯಲ್ಲಿ: ಗರ್ಭದಲ್ಲಿದ್ದಾಗ ತಾಯಿ ಪಡೆದ ಲಸಿಕೆಯಿಂದ ಹರಿದುಬರುವ ಪ್ರತಿಕಾಯಗಳು, ಮತ್ತು ಎತ್ತಿಕೊಳ್ಳುವ ಕೈಗಳು ಸೋಂಕು ತಾರದಿರುವುದು. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವವರು ನೀವು, ರಾತ್ರಿ ಎದೆಗೊತ್ತಿ ಮಲಗಿಸುವವರೂ ನೀವೇ. ಮೇ ತಿಂಗಳಲ್ಲಿ ಪಡೆದ ರಕ್ಷಣೆ ಡಿಸೆಂಬರಿನ ಹೊತ್ತಿಗೆ ಇಳಿದಿರುತ್ತದೆ, ಅಲ್ಲಿ ಓಡಾಡುವ ತಳಿಯೂ ಬೇರೆಯಾಗಿರಬಹುದು. ಹಾಗಾಗಿ ವಿಮಾನ ಹತ್ತುವ ಎರಡು ವಾರ ಮೊದಲು ಉತ್ತರ ಗೋಳಾರ್ಧದ ಹೊಸ ಲಸಿಕೆಯನ್ನೂ ಹಾಕಿಸಿಕೊಳ್ಳಿ. ಆರೇಳು ತಿಂಗಳ ಅಂತರದಲ್ಲಿ ಎರಡು ಡೋಸ್ ಆಯಿತೆಂದು ಹೆದರಬೇಕಿಲ್ಲ. ಮಗಳು ತನ್ನ ಲಸಿಕೆಯನ್ನು ಅಲ್ಲಿ ಪಡೆದಳೇ ಎಂದು ಈ ಸಲ ನೀವು ಫೋನಿನಲ್ಲಿ ಒತ್ತಾಯಿಸಿ ಕೇಳಿ. ಒಣಶುಂಠಿ, ಓಮ, ಮೆಂತ್ಯ, ಅಂಟು ಎಂದು ಸಾಮಾನಿನ ಚೀಟಿ ಬರೆಯಲು ಕುಳಿತಾಗ ಮೊದಲ ಸಾಲಿನಲ್ಲಿ ಹೀಗೆ ಬರೆದುಕೊಳ್ಳಿ: ಫ್ಲೂ ಲಸಿಕೆ, ನವೆಂಬರ್, ಉತ್ತರ ಗೋಳಾರ್ಧ.