ದವಡೆಗೆ ತುಂಬುವ ಪುಡಿ ಮೂಳೆಯಲ್ಲ

'ಇಂಪ್ಲಾಂಟ್ ಕೂರಿಸೋಕೆ ಮೂಳೆ ಸಾಲದು, ಮೊದಲು ಗ್ರಾಫ್ಟ್ ಮಾಡಬೇಕು' ಎಂದು ಡಾಕ್ಟರ್ ಹೇಳಿದ ಕೂಡಲೇ ಎಷ್ಟೋ ಜನರಿಗೆ ಅನುಮಾನ. ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಕೃತಕ ಬೇರು, ಗ್ರಾಫ್ಟ್ ಅಂದರೆ ಮೂಳೆ ಮತ್ತೆ ಬೆಳೆಯಲೆಂದು ಆ ಜಾಗ ತುಂಬುವುದು. ಇದ್ದ ಮೂಳೆ ಎಲ್ಲಿಗೆ ಹೋಯಿತು? ಸುಮ್ನೆ ಬಿಲ್ ಏರಿಸೋಕಾ?

ಮೂಳೆ ನಿಜಕ್ಕೂ ಹೋಗಿರುತ್ತದೆ. ನಮ್ಮ ಮೂಳೆಯನ್ನು ಒಂದು ಬಗೆಯ ಜೀವಕೋಶಗಳು ಸದಾ ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಕಟ್ಟುತ್ತಿರುತ್ತವೆ. ಭಾರ ಬೀಳುವ ಕಡೆ ಮೂಳೆ ಉಳಿಯುತ್ತದೆ, ಬೀಳದ ಕಡೆ ಸವೆಯುತ್ತದೆ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ಇದನ್ನು 1892ರಲ್ಲೇ ಬರೆದಿದ್ದರು. ಹಲ್ಲು ಕಿತ್ತ ಮೇಲೆ ಆ ಜಾಗದ ಮೂಳೆಗೆ ಕೆಲಸವೇ ಇಲ್ಲ. ಒಂದು ವರ್ಷದಲ್ಲಿ ಅದರ ಅಗಲ ಅರ್ಧಕ್ಕೆ ಇಳಿಯಬಹುದು. ಮುಂದಿನ ಹಲ್ಲುಗಳಲ್ಲಂತೂ ತುಟಿಯ ಕಡೆಯ ಮೂಳೆ ಎಷ್ಟೋ ಸಲ 1 ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಮೊದಲು ಕರಗುವುದೂ ಅದೇ.

ಹಾಗಾದರೆ ಮೂಳೆ ತಂದು ಅಂಟಿಸುತ್ತಾರಾ? ಕೆಲವೊಮ್ಮೆ ರೋಗಿಯದೇ ಗದ್ದದಿಂದಲೋ ದವಡೆಯ ಹಿಂಭಾಗದಿಂದಲೋ ತುಣುಕು ತೆಗೆಯುವುದುಂಟು. ಆದರೆ ಜಾಸ್ತಿ ಬಳಸುವುದು ರವೆಯಷ್ಟು ಸಣ್ಣ ಹರಳು. ಹಲವು ಸಲ ಅದು ದನದ ಮೂಳೆಯದು. 'ಪ್ರಾಣಿಯ ಮೂಳೆ ಮೈಗೆ ಸೇರಿದರೆ?' ಎಂಬ ಭಯ ಹೊಸದೇನಲ್ಲ. ನಾಯಿಯ ಮೂಳೆಯಿಂದ ಬುರುಡೆ ಸರಿಪಡಿಸಿಕೊಂಡ ಒಬ್ಬನನ್ನು ಚರ್ಚ್ ಬಹಿಷ್ಕರಿಸಿತು ಎಂಬ ಪ್ರಸಂಗ 17ನೇ ಶತಮಾನದ ಡಚ್ ವೈದ್ಯ ಯೋಬ್ ವಾನ್ ಮೇಕರೆನ್ ಅವರ ಬರಹದಲ್ಲಿದೆ. ಈಗ ಬಳಸುವ ಹರಳಿನಲ್ಲಿ ಕೊಬ್ಬು, ಪ್ರೋಟೀನನ್ನೆಲ್ಲ ಶಾಖ ಮತ್ತು ರಾಸಾಯನಿಕಗಳಿಂದ ತೆಗೆದಿರುತ್ತಾರೆ. ಉಳಿಯುವುದು ಖನಿಜ ಮಾತ್ರ.

ಆ ಖನಿಜ ತಾನಾಗಿ ಬೆಳೆಯುವುದಿಲ್ಲ. ಬಳ್ಳಿಗೆ ಚಪ್ಪರ ಹಾಕಿದ ಹಾಗೆ, ಅಷ್ಟೇ. ಹರಳುಗಳ ಸಂದಿಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಅದರೊಳಕ್ಕೆ ಸಣ್ಣ ರಕ್ತನಾಳಗಳು ನುಗ್ಗುತ್ತವೆ, ಅವುಗಳ ಬೆನ್ನಿಗೆ ಮೂಳೆ ಕಟ್ಟುವ ಕೋಶಗಳು ಬಂದು ಹರಳಿನ ಮೈಮೇಲೆಯೇ ಹೊಸ ಮೂಳೆ ಹಾಸುತ್ತವೆ.

ಇಲ್ಲೊಂದು ಪೈಪೋಟಿ ಇದೆ. ಈ ಚಿಕಿತ್ಸೆಯಲ್ಲಿ ನನಗೆ ತುಂಬಾ ಇಷ್ಟವಾದದ್ದೂ ಇದೇ. ಒಸಡಿನ ಕೋಶಗಳು ಬಲು ಚುರುಕು, ಮೂಳೆಯವು ನಿಧಾನ. ಹಾಗೇ ಬಿಟ್ಟರೆ ಒಸಡೇ ನುಗ್ಗಿ ಜಾಗ ತುಂಬಿಬಿಡುತ್ತದೆ. ಅದಕ್ಕೇ ಹರಳಿನ ಮೇಲೆ ಕೊಲಾಜೆನ್ ಎಂಬ ಪ್ರೋಟೀನಿನ ತೆಳು ಪೊರೆ ಹೊದಿಸಿ ಒಸಡನ್ನು ಹೊಲಿಯುತ್ತಾರೆ. ಕೆಲವು ವಾರ ಅದು ಒಸಡನ್ನು ಹೊರಗೇ ತಡೆದು, ಆಮೇಲೆ ತಾನಾಗಿ ಕರಗುತ್ತದೆ.

ಇಂಪ್ಲಾಂಟ್ ಕೂರಿಸೋಕೆ ಸಾಮಾನ್ಯವಾಗಿ 4ರಿಂದ 6 ತಿಂಗಳು ಕಾಯಬೇಕು. ಮೇಲ್ದವಡೆಯ ಸೈನಸ್ (ಮೂಗಿನ ಪಕ್ಕದ ಗಾಳಿ ತುಂಬಿದ ಪೊಳ್ಳು) ಕೆಳಗೆ ತುಂಬಿದ್ದರೆ ಇನ್ನೂ ಜಾಸ್ತಿ. ಸಿಗರೇಟ್ ಸೇದುವವರಲ್ಲಿ ಗ್ರಾಫ್ಟ್ ಕೈಕೊಡುವುದು ಹೆಚ್ಚು. ಹೊಗೆ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತ ತಲುಪದ ಕಡೆ ಹರಳು ಹರಳಾಗಿಯೇ ಉಳಿಯುತ್ತದೆ.