ಬೈಪಾಸ್ ಆದವರ ಬೇಸಿಗೆ: ತೂಕ ನೋಡಿ ನೀರು ಕುಡಿಯಿರಿ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಅಂಥ ಬಿಸಿಲು. ಇನ್ನು ಹೃದಯದ ಬೈಪಾಸ್ ಆಪರೇಷನ್‌ಗೆಂದು ಎದೆ ಮೂಳೆ ಕೊಯ್ದು, ತಂತಿ ಹಾಕಿ ಕೂಡಿಸಿಕೊಂಡು ತಿಂಗಳ ಹಿಂದಷ್ಟೇ ಮನೆಗೆ ಬಂದವರ ಪಾಡು ಹೇಗಿರಬೇಡ? ಆಪರೇಷನ್ ಆದವರಿಗೆ ನಡಿಗೆ, ಉಸಿರಾಟ, ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಬೇಸಿಗೆಯಲ್ಲಿ ನಾನು ವ್ಯಾಯಾಮಕ್ಕಿಂತ ನೀರಿನ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ಒಬ್ಬ ಹಿರಿಯರು ನೆನಪಾಗುತ್ತಾರೆ. ಸೇಡಂ ಕಡೆಯವರು, ಫೆಬ್ರುವರಿ ಕೊನೆಗೆ ಬೈಪಾಸ್ ಆಗಿತ್ತು. ಏಪ್ರಿಲ್ ಮಧ್ಯದಲ್ಲಿ ಮಗನ ತೋಳು ಹಿಡಿದು ಬಂದರು. ಕುರ್ಚಿಯಿಂದ ಎದ್ದರೆ ಕಣ್ಣು ಕತ್ತಲೆ. ಕೂತಾಗ 110 ಇದ್ದ ಬಿಪಿ ನಿಂತಾಗ 86ಕ್ಕೆ ಇಳಿಯಿತು. ನಾಲಿಗೆ ಒಣಗಿ ಅಂಟುತ್ತಿತ್ತು. ನೀರು ಎಷ್ಟು ಕುಡಿಯುತ್ತೀರಿ ಎಂದು ಕೇಳಿದೆ. ಅವರ ಹೆಂಡತಿ ಚೀಲದಿಂದ ಒಂದು ಬಾಟಲಿ ತೆಗೆದು ತೋರಿಸಿದರು, ಅದಕ್ಕೆ ಕೆಂಪು ದಾರ ಕಟ್ಟಿತ್ತು. "ದಾರದ ತನಕ ತುಂಬಿದ್ರ ಅರ್ಧ ಲೀಟರ್ ರೀ. ದಿನಕ್ಕ ಮೂರು ಸಲ ಅಷ್ಟ. ಒಂದು ಹನಿ ಜಾಸ್ತಿ ಕೊಟ್ಟಿಲ್ಲ ನೋಡ್ರಿ."

ಆ ತಾಯಿಯದು ಏನೂ ತಪ್ಪಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಒಂದೂವರೆ ಲೀಟರ್ ಅಂತಲೇ ಇತ್ತು. ಆದರೆ ಅದನ್ನು ಬರೆದಾಗ ಇವರು ಎಸಿ ವಾರ್ಡಿನಲ್ಲಿದ್ದರು. ಈಗ ಮಲಗುವುದು ಪತ್ರಾಸಿನ, ಅಂದರೆ ತಗಡಿನ ಮಾಡಿನ ಕೆಳಗೆ.

ಒಳಗೆ ಏನಾಗುತ್ತದೆ ಅಂದರೆ, ಸೆಕೆಯಾದಾಗ ದೇಹ ತಣ್ಣಗಾಗಲು ರಕ್ತವನ್ನು ಚರ್ಮದ ಕಡೆ ಕಳಿಸುತ್ತದೆ, ಅದಕ್ಕೆ ಹೃದಯ ಜಾಸ್ತಿ ದುಡಿಯಬೇಕು. ಆದರೆ ಮೆಟೊಪ್ರೊಲಾಲ್‌ನಂಥ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ. ಬಿಪಿ ಮಾತ್ರೆ ರಕ್ತನಾಳ ಸಡಿಲಿಸುತ್ತದೆ. ಲ್ಯಾಸಿಕ್ಸ್‌ನಂಥ ಮೂತ್ರದ ಮಾತ್ರೆ ನೀರು ಹೊರಹಾಕುತ್ತದೆ, ಮೇಲೆ ಬೆವರು ಬೇರೆ. ಎಲ್ಲವೂ ಸೇರಿ ಬಿಪಿಯನ್ನು ಕೆಳಗೇ ಎಳೆಯುತ್ತವೆ.

ಹಾಗಂತ ಬಿಂದಿಗೆಗಟ್ಟಲೆ ಕುಡಿಯಿರಿ ಎಂದು ಹೇಳುತ್ತಿಲ್ಲ. ನೋಡಲು ಬಂದವರೆಲ್ಲ ಓಆರ್‌ಎಸ್ ಕುಡಿಸಿ, ಎಳನೀರು ಕೊಡಿ ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ ಹೆಚ್ಚಾದ ನೀರು ಕಾಲಿಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಓಆರ್‌ಎಸ್‌ನಲ್ಲಿ ಉಪ್ಪಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುವ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ದಿನಾ ಎಳನೀರು ಕುಡಿಯಬಾರದು. ಚಹಾ, ಮಜ್ಜಿಗೆ, ಸಾರು ಕೂಡ ನೀರಿನ ಲೆಕ್ಕಕ್ಕೇ ಸೇರುತ್ತವೆ.

ಹಾಗಾದರೆ ಗೊತ್ತಾಗುವುದು ಹೇಗೆ? ತೂಕದಿಂದ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು, ದಿನಾ ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಒಂದೇ ದಿನದಲ್ಲಿ ಕಿಲೋಗಿಂತ ಜಾಸ್ತಿ, ಅಥವಾ ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ನೀರು ನಿಲ್ಲುತ್ತಿದೆ ಎಂದು ಅನುಮಾನಪಡಿ. ಅಷ್ಟೇ ಬೇಗ ಇಳಿದು, ತಲೆ ಸುತ್ತು ಬಂದು, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ. ಎರಡರಲ್ಲಿ ಯಾವುದಾದರೂ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಸೇಡಂನ ಹಿರಿಯರಿಗೂ ಡಾಕ್ಟರೇ ರಕ್ತ ಪರೀಕ್ಷೆ ಮಾಡಿಸಿ, ಮೂತ್ರದ ಮಾತ್ರೆ ಅರ್ಧ ಮಾಡಿ, ಅರ್ಧ ಲೀಟರ್ ನೀರು ಹೆಚ್ಚಿಸಿದರು. ವಾರದಲ್ಲಿ ಒಬ್ಬರೇ ನಡೆದು ಬಂದರು.

ಇನ್ನೊಂದು ಮಾತು, ಕೂಲರ್ ಬಗ್ಗೆ. ನಮ್ಮ ಒಣ ಬಿಸಿಲಿಗೆ ಅದು ಒಳ್ಳೆಯದು, ಕಿಟಕಿ ತೆರೆದಿಟ್ಟರೆ ಸಾಕು. ಆದರೆ ಅದಕ್ಕೆ ನೀರು ಸುರಿಯುವವರು ಯಾರು? ಮನೆಯಲ್ಲಿ ಯಾರೂ ಇಲ್ಲದಾಗ ರೋಗಿಯೇ ಬಕೆಟ್ ಎತ್ತುತ್ತಾರೆ. ಹದಿನೈದು ಲೀಟರ್ ಅಂದರೆ ಹದಿನೈದು ಕಿಲೋ. ಮೂಳೆ ಕೂಡಲು ಎರಡರಿಂದ ಮೂರು ತಿಂಗಳು ಬೇಕು, ಅಲ್ಲಿಯವರೆಗೆ ತುಂಬಿದ ಕೊಡ, ಬಕೆಟ್ ಮುಟ್ಟಲೇಬೇಡಿ. ಸೆಕೆಗೆ ಮಾಳಿಗೆ ಮೇಲೆ ನೆಲದಲ್ಲಿ ಮಲಗುವುದೂ ಬೇಡ. ಏಳುವಾಗ ಕೈಯೂರಿದರೆ ಎಲ್ಲ ಭಾರ ಎದೆಗೇ ಬೀಳುತ್ತದೆ. ಎದೆಯಲ್ಲಿ ಕಟ್ ಕಟ್ ಸದ್ದು ಕೇಳಿದರೆ ತೋರಿಸಿ.

ಗಾಯಕ್ಕೆ ಪೌಡರ್ ಹಾಕಬೇಡಿ. ಬೆವರನ್ನು ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ಹೆಣ್ಣುಮಕ್ಕಳಿಗೆ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುತ್ತದೆ, ಸಂಕೋಚದಿಂದ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ.

ನಡಿಗೆ ಬಿಡಬೇಡಿ, ಬಿಸಿಲೇರುವ ಮೊದಲೇ ಮುಗಿಸಿ. ತಡವಾದರೆ ಮನೆಯೊಳಗೇ ಹತ್ತು ಹತ್ತು ನಿಮಿಷ ನಡೆಯಿರಿ. ಎದೆ ನೋವು, ಮಲಗಿದರೆ ಉಸಿರು ಕಟ್ಟುವುದು, ಮಾತು ತಡಬಡಿಸುವುದು, ಮೈ ಕಾದು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಮೈ ಕಾದಿದ್ದರೆ ಆಂಬುಲೆನ್ಸ್ ಬರುವ ತನಕ ನೆರಳಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತ ಗಾಳಿ ಹಾಕಿ. ಮಂಕಾಗಿರುವವರ ಬಾಯಿಗೆ ನೀರು ಸುರಿಯಬೇಡಿ.