ಓದುಗರ ಪ್ರಶ್ನೆ: ಆಡುವವರು ಹುಡುಗರು, ಹೆಸರು ಮಾತ್ರ ಕೋಚ್‌ಗೆ ಯಾಕೆ?

ಪ್ರಶ್ನೆ: "ಅಮೆರಿಕದ ಕಾಲೇಜ್ ಫುಟ್‌ಬಾಲ್ ಬಗ್ಗೆ ಎಲ್ಲಿ ಓದಿದರೂ ನಿಕ್ ಸೇಬನ್ ಅನ್ನೋ ಕೋಚ್ ಹೆಸರು ಬರುತ್ತದೆ. ಏಳು ಚಾಂಪಿಯನ್‌ಶಿಪ್ ಗೆದ್ದವರಂತೆ. ಮೈದಾನಕ್ಕಿಳಿದು ಏಟು ತಿನ್ನುವವರು ಹುಡುಗರಲ್ವಾ? ಅವರು ಗೆದ್ದಿದ್ದನ್ನು ಕೋಚ್ ಲೆಕ್ಕಕ್ಕೆ ಯಾಕೆ ಬರೆಯುತ್ತಾರೆ?"

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಮಕ್ಕಳು ಅಮೆರಿಕದಲ್ಲಿ ಓದುತ್ತಿರುವ ಮನೆಗಳಿಂದಂತೂ ಜಾಸ್ತಿ. ಉತ್ತರ ಇಷ್ಟೇ: ಹುಡುಗರು ಬಂದು ಹೋಗುತ್ತಾರೆ, ಕೋಚ್ ಉಳಿಯುತ್ತಾರೆ.

ಬಿಡಿಸಿ ಹೇಳುತ್ತೇನೆ. ಕಾಲೇಜಿಗೆ ಬಂದ ಒಳ್ಳೆಯ ಆಟಗಾರ ಮೂರು ವರ್ಷ ಆಡಿ ಎನ್‌ಎಫ್‌ಎಲ್ ಅನ್ನೋ ಪ್ರೊಫೆಷನಲ್ ಲೀಗಿಗೆ ಹೊರಟುಬಿಡುತ್ತಾನೆ. ಉಳಿದವರು ಡಿಗ್ರಿ ಮುಗಿಸಿ ಕೆಲಸ ನೋಡಿಕೊಳ್ಳುತ್ತಾರೆ. ಅಂದರೆ ಇವತ್ತು ಗೆದ್ದ ತಂಡ ನಾಲ್ಕು ವರ್ಷದ ನಂತರ ಹೆಚ್ಚುಕಡಿಮೆ ಇರುವುದೇ ಇಲ್ಲ. ಸೇಬನ್ ಅಲಬಾಮಾ ವಿಶ್ವವಿದ್ಯಾಲಯಕ್ಕೆ 2009, 2011, 2012, 2015, 2017 ಮತ್ತು 2020ರ ಸೀಸನ್‌ಗಳಲ್ಲಿ ಆರು ಚಾಂಪಿಯನ್‌ಶಿಪ್ ತಂದುಕೊಟ್ಟರು. ಈ ಆಟದಲ್ಲಿ ಎಲ್ಲರ ಕಣ್ಣು ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ. 2011 ಮತ್ತು 2012 ಬಿಟ್ಟರೆ ಪ್ರತಿ ಸಲ ಗೆದ್ದಾಗಲೂ ಆ ಜಾಗದಲ್ಲಿ ಬೇರೆ ಹುಡುಗ ಇದ್ದ. ಗೆರೆಯಾಚೆ ಹುಬ್ಬು ಗಂಟಿಕ್ಕಿಕೊಂಡು ನಿಂತಿರುತ್ತಿದ್ದ ಮನುಷ್ಯ ಮಾತ್ರ ಒಬ್ಬರೇ.

ಆಟದ ಸ್ವಭಾವವೂ ಒಂದು ಕಾರಣ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಪ್ರತಿ ಪ್ರಯತ್ನವೂ ಕೆಲವೇ ಸೆಕೆಂಡು, ಆಮೇಲೆ ಆಟ ನಿಲ್ಲುತ್ತದೆ. ಆ ಬಿಡುವಿನಲ್ಲಿ ಮುಂದೆ ಏನು ಮಾಡಬೇಕು ಅಂತ ಕೋಚ್‌ಗಳು ಹೊರಗಿನಿಂದ ಹೇಳಿ ಕಳಿಸುತ್ತಾರೆ. ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವುದು, ಫೀಲ್ಡ್ ನಿಲ್ಲಿಸುವುದು ಕ್ಯಾಪ್ಟನ್ ಕೆಲಸ. ಇಲ್ಲಿ ಅದೆಲ್ಲ ಕೋಚ್ ಕೈಯಲ್ಲಿ. ಅದಕ್ಕಿಂತ ದೊಡ್ಡ ಮಾತೆಂದರೆ, ಊರೂರು ಸುತ್ತಿ ಹೈಸ್ಕೂಲ್ ಹುಡುಗರನ್ನು ಆರಿಸಿ, ಅವರ ಅಪ್ಪ ಅಮ್ಮನ ಮುಂದೆ ಕೂತು ಒಪ್ಪಿಸಿ ಕರೆತರುವುದೂ ಅವರೇ. ತಂಡ ಕಟ್ಟುವವರು, ಆಡಿಸುವವರು ಇಬ್ಬರೂ ಒಬ್ಬರೇ ಆದಾಗ ಸೋಲು ಗೆಲುವು ಅವರ ತಲೆಗೇ ತಾನೇ ಬರಬೇಕು?

ಈಗ ಸೇಬನ್ ವಿಷಯಕ್ಕೆ ಬರೋಣ. ಹುಟ್ಟಿದ್ದು 1951ರಲ್ಲಿ, ವೆಸ್ಟ್ ವರ್ಜೀನಿಯಾ ರಾಜ್ಯದ ಫೇರ್‌ಮಾಂಟ್‌ನಲ್ಲಿ. ಕಲ್ಲಿದ್ದಲು ಗಣಿಗಳ ಸೀಮೆ ಅದು. ಅಪ್ಪ ಪೆಟ್ರೋಲ್ ಬಂಕ್ ನಡೆಸುತ್ತಿದ್ದರು, ಊರ ಹುಡುಗರ ಫುಟ್‌ಬಾಲ್ ತಂಡಕ್ಕೂ ಅವರೇ ಕೋಚ್. ಮಗ ಬಂಕ್‌ನಲ್ಲಿ ಪೆಟ್ರೋಲ್ ಹಾಕಬೇಕು, ಕಾರು ತೊಳೆಯಬೇಕು. ಒರೆಸಿದ ಗುರುತು ಎಲ್ಲಾದರೂ ಒಂದು ಗೆರೆಯಷ್ಟು ಉಳಿದಿದ್ದರೂ ಅಪ್ಪ ಇಡೀ ಕಾರನ್ನು ಮತ್ತೆ ತೊಳೆಸುತ್ತಿದ್ದರು. ಕಪ್ಪು ಮತ್ತು ಕಡುನೀಲಿ ಬಣ್ಣದ ಕಾರು ಬಂದರೆ ಹೊಟ್ಟೆ ಉರಿಯುತ್ತಿತ್ತು ಅಂತ ಸೇಬನ್ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆ ಬಣ್ಣದ ಮೇಲೆ ಗೆರೆ ಎದ್ದು ಕಾಣುತ್ತದಲ್ಲ! ಮುಂದೆ ಅವರ ಕೈಕೆಳಗೆ ಅಭ್ಯಾಸ ಮಾಡಿದ ಹುಡುಗರು ಈ ಕಥೆ ಕೇಳಿ ನಕ್ಕಿರಲಿಕ್ಕಿಲ್ಲ.

ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲೇ ಆಡಿದರು. ಕೋಚ್ ಆಗುವ ಯೋಚನೆ ಇರಲಿಲ್ಲ. ಹೆಂಡತಿ ಟೆರಿ ಅವರ ಡಿಗ್ರಿ ಇನ್ನೂ ಮುಗಿದಿರಲಿಲ್ಲ, ಕಾಯಬೇಕಿತ್ತು. ಆಗ ಅವರ ಕೋಚ್ ಡಾನ್ ಜೇಮ್ಸ್, ಸುಮ್ನೆ ಕೂರುವ ಬದಲು ನನ್ನ ಜೊತೆ ಸಹಾಯಕನಾಗಿರು ಎಂದರು. ಅಲ್ಲಿಂದ ಒಂದರ ಮೇಲೊಂದು ಕಾಲೇಜು ಸುತ್ತಿ, 1990ರಲ್ಲಿ ಟೊಲೀಡೊದಲ್ಲಿ ಮೊದಲ ಸಲ ಹೆಡ್ ಕೋಚ್ ಆದರು. ಒಂದೇ ವರ್ಷ ಅಲ್ಲಿದ್ದು, ನಂತರದ ನಾಲ್ಕು ವರ್ಷ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಹೆಡ್ ಕೋಚ್ ಬಿಲ್ ಬೆಲಿಚಿಕ್ ಅವರ ಕೈಕೆಳಗೆ ದುಡಿದರು. ಯಾವ ಜಾಗಕ್ಕೆ ಎಷ್ಟು ಎತ್ತರ, ಎಷ್ಟು ತೂಕ, ಎಷ್ಟು ವೇಗದ ಹುಡುಗ ಬೇಕು ಅಂತ ಮೊದಲೇ ಅಳತೆ ಹಾಕಿಟ್ಟುಕೊಂಡು ಹುಡುಕುವ ಪಾಠ ಅಲ್ಲಿ ಪಕ್ಕಾ ಆಯಿತು. ಮುಂದೆ ಅಲಬಾಮಾ ತಂಡ ಮೈದಾನಕ್ಕಿಳಿದರೆ ಎದುರಿನವರಿಗಿಂತ ಒಂದು ಸುತ್ತು ದಪ್ಪ ಕಾಣುತ್ತಿದ್ದದ್ದು ಸುಮ್ಮನೆ ಅಲ್ಲ.

ಅವರ ಹೆಸರಿನ ಜೊತೆ ಅಂಟಿಕೊಂಡಿರುವ 'ಪ್ರೊಸೆಸ್' ಅನ್ನೋ ಪದ್ಧತಿ ಹುಟ್ಟಿದ್ದು ಆಮೇಲೆ ಅವರು ಹೆಡ್ ಕೋಚ್ ಆಗಿದ್ದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, 1998ರಲ್ಲಿ. ಆ ವರ್ಷ ತಂಡ ಏಳುಬೀಳು ಕಾಣುತ್ತಿತ್ತು. ಎದುರಿಗೆ ದೇಶದ ನಂಬರ್ 1 ಓಹಾಯೊ ಸ್ಟೇಟ್, ಅದೂ ಅವರ ಊರಲ್ಲೇ. ಮಿಷಿಗನ್ ಸ್ಟೇಟ್‌ನದೇ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಲಯನಲ್ ರೋಸನ್ ಜೊತೆ ಸೇಬನ್ ಮಾತಾಡಿದರು. ಅಲ್ಲಿ ಹೊಳೆದದ್ದು ಇದು: ಒಂದು ಪ್ರಯತ್ನ ಅಂದರೆ ಸುಮಾರು ಏಳು ಸೆಕೆಂಡು. ಹುಡುಗರು ಅಷ್ಟನ್ನು ಮಾತ್ರ ಯೋಚಿಸಲಿ. ಸ್ಕೋರ್ ಬೋರ್ಡ್ ಬೇಡ, ಎದುರಾಳಿ ಯಾರು ಅನ್ನೋದೂ ಬೇಡ. ಏಳು ಸೆಕೆಂಡು ಮುಗಿಯಿತಾ, ಮುಂದಿನ ಏಳು ಸೆಕೆಂಡು. ಒಂದು ಹಂತದಲ್ಲಿ 24–9ರಿಂದ ಹಿಂದಿದ್ದ ಮಿಷಿಗನ್ ಸ್ಟೇಟ್ ಆ ಪಂದ್ಯವನ್ನು 28–24ರಿಂದ ಗೆದ್ದಿತು. ಆಮೇಲೆ ಇಪ್ಪತ್ತೈದು ವರ್ಷ ಸೇಬನ್ ಬೇರೆ ಮಂತ್ರ ಹುಡುಕಲಿಲ್ಲ.

2000ದಲ್ಲಿ ಲೂಯಿಸಿಯಾನಾ ಸ್ಟೇಟ್ ಅಂದರೆ ಎಲ್‌ಎಸ್‌ಯು ಸೇರಿದರು. 2003ರ ಸೀಸನ್‌ನಲ್ಲಿ ಓಕ್ಲಹೋಮಾವನ್ನು 21–14ರಿಂದ ಸೋಲಿಸಿ ಮೊದಲ ಚಾಂಪಿಯನ್‌ಶಿಪ್. 1958ರ ನಂತರ ಆ ಕಾಲೇಜಿಗೆ ಸಿಕ್ಕ ಮೊದಲನೆಯದು ಅದು. ಆ ವರ್ಷ ಚಾಂಪಿಯನ್ ಯಾರೆಂದು ಪತ್ರಕರ್ತರು ಬೇರೆಯಾಗಿ ನಡೆಸುವ ಮತದಾನದಲ್ಲಿ ಮೊದಲ ಸ್ಥಾನ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಹೋಗಿತ್ತು. ಹಾಗಾಗಿ ಏಳರಲ್ಲಿ ಒಂದು ಅರ್ಧ ಪಾಲಿನದು ಅಂತ ವಾದಿಸುವವರು ಇಂದಿಗೂ ಇದ್ದಾರೆ. ವಾದ ಮಾಡಲಿ ಬಿಡಿ.

ನಿಮ್ಮ ಪ್ರಶ್ನೆಗೆ ನಿಜವಾದ ಪುರಾವೆ ಇರುವುದು ಅವರು ಸೋತ ಕಡೆ. 2005 ಮತ್ತು 2006ರಲ್ಲಿ ಸೇಬನ್ ಎನ್‌ಎಫ್‌ಎಲ್‌ನ ಮಯಾಮಿ ಡಾಲ್ಫಿನ್ಸ್ ಕೋಚ್ ಆಗಿದ್ದರು. ಗೆದ್ದದ್ದು 15, ಸೋತದ್ದು 17. ಅದೇ ಶಿಸ್ತು, ಅದೇ ಕೂಗಾಟ, ಅದೇ ಮನುಷ್ಯ. ಆದರೆ ಅಲ್ಲಿ ಬೇಕಾದ ಹುಡುಗನ ಮನೆಗೆ ಹೋಗಿ ಒಪ್ಪಿಸಿ ಕರೆತರುವ ಹಾಗಿಲ್ಲ. ಹೊಸ ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಬೇಕು, ಸಂಬಳಕ್ಕೂ ಮಿತಿ. 2006ರಲ್ಲಿ ಡ್ರೂ ಬ್ರೀಸ್ ಅನ್ನೋ ಕ್ವಾರ್ಟರ್‌ಬ್ಯಾಕ್ ಸಿಗುವಂತಿದ್ದರು. ಅವರ ಭುಜಕ್ಕೆ ಆಪರೇಷನ್ ಆಗಿತ್ತು, ತಂಡದ ಡಾಕ್ಟರ್‌ಗಳು ಹಿಂದೇಟು ಹಾಕಿದರು. ಡಾಲ್ಫಿನ್ಸ್ ಬೇರೆಯವರನ್ನು ತಂದಿತು. ಬ್ರೀಸ್ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಮುಂದೆ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಅಂದರೆ ಸೇಬನ್ ಮಂತ್ರವಾದಿ ಏನಲ್ಲ. ಹುಡುಗರನ್ನು ತಾವೇ ಆರಿಸುವ ಕಡೆ ಮಾತ್ರ ಅವರನ್ನು ಹಿಡಿಯುವವರಿರಲಿಲ್ಲ.

ಮಯಾಮಿ ಬಿಟ್ಟ ರೀತಿಯೂ ಚೆನ್ನಾಗಿರಲಿಲ್ಲ. 2006ರ ಡಿಸೆಂಬರ್ 21ರಂದು ಪತ್ರಕರ್ತರ ಮುಂದೆ, ನಾನು ಅಲಬಾಮಾ ಕೋಚ್ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಎರಡು ವಾರ ಕಳೆಯುವ ಮೊದಲೇ ಅಲಬಾಮಾ ಕೋಚ್ ಆಗಿಬಿಟ್ಟರು. ಎಂಟು ವರ್ಷಕ್ಕೆ 3.2 ಕೋಟಿ ಡಾಲರ್ ಕರಾರು. ಮಯಾಮಿ ಜನ ಈ ಮಾತನ್ನು ಇನ್ನೂ ಎತ್ತಿ ಆಡುತ್ತಾರೆ, ಆಡಲೂಬೇಕು.

ಟಸ್ಕಲೂಸಾ ಊರಿನಲ್ಲಿರುವ ಅಲಬಾಮಾ ಕಾಲೇಜಿಗೆ ಫುಟ್‌ಬಾಲ್ ಅಂದರೆ ಬೇರ್ ಬ್ರಯಂಟ್. 1958ರಿಂದ 1982ರವರೆಗೆ ಕೋಚ್ ಆಗಿದ್ದು ಆರು ಚಾಂಪಿಯನ್‌ಶಿಪ್ ಗೆದ್ದ ದೊಡ್ಡ ಮನುಷ್ಯ. ಅವರ ಕಾಲ ಮುಗಿದ ಮೇಲೆ 1992ರಲ್ಲಿ ಒಂದು ಸಲ ಗೆದ್ದದ್ದು ಬಿಟ್ಟರೆ ಹಳೆಯ ವೈಭವದ ನೆನಪಷ್ಟೇ ಉಳಿದಿತ್ತು. ಸೇಬನ್ ಬಂದ ಮೊದಲ ವರ್ಷವೂ ಏನೂ ಪವಾಡ ಆಗಲಿಲ್ಲ. 7 ಗೆಲುವು, 6 ಸೋಲು. ಲೂಯಿಸಿಯಾನಾ–ಮನ್ರೋ ಎಂಬ ಸಣ್ಣ ಕಾಲೇಜು ಟಸ್ಕಲೂಸಾಗೇ ಬಂದು 21–14ರಿಂದ ಸೋಲಿಸಿ ಹೋಯಿತು. ಆ ಸೋಲಿನ ಬಗ್ಗೆ ಮಾತಾಡುವಾಗ ಸೇಬನ್ 9/11 ದಾಳಿಯನ್ನು, ಪರ್ಲ್ ಹಾರ್ಬರ್ ದಾಳಿಯನ್ನು ಎಳೆದು ತಂದು ಚೆನ್ನಾಗಿ ಉಗಿಸಿಕೊಂಡರು.

ಅಷ್ಟರಲ್ಲಿ ಅವರು ಹುಡುಗರನ್ನು ಹುಡುಕುವ ಕೆಲಸಕ್ಕೆ ಕೈಹಾಕಿದ್ದರು. 2008ರಲ್ಲಿ ಜೂಲಿಯೊ ಜೋನ್ಸ್, ಮಾರ್ಕ್ ಇಂಗ್ರಾಮ್ ಮುಂತಾದವರು ಒಟ್ಟಿಗೆ ಬಂದರು. ಅದೇ ವರ್ಷ, ವಸಂತಕಾಲದಲ್ಲಿ ಹೆಡ್ ಕೋಚ್‌ಗಳು ಹೈಸ್ಕೂಲ್‌ಗಳಿಗೆ ಹೋಗಬಾರದು ಎಂಬ ಹೊಸ ನಿಯಮ ಬಂತು. ಜನ ಅದಕ್ಕೆ 'ಸೇಬನ್ ರೂಲ್' ಅಂತಲೇ ಹೆಸರಿಟ್ಟರು. 2009ರಲ್ಲಿ 14 ಪಂದ್ಯ ಆಡಿ 14ನ್ನೂ ಗೆದ್ದರು, ಫೈನಲ್‌ನಲ್ಲಿ ಟೆಕ್ಸಾಸ್ ಸೋತಿತು. ಅಷ್ಟು ದೊಡ್ಡ ಇತಿಹಾಸದ ಅಲಬಾಮಾಗೆ ಮೊದಲ ಹೈಸ್‌ಮನ್ ಟ್ರೋಫಿ, ಅಂದರೆ ದೇಶದ ಅತ್ಯುತ್ತಮ ಆಟಗಾರನ ಪ್ರಶಸ್ತಿ, ಇಂಗ್ರಾಮ್ ಮೂಲಕ ಬಂದದ್ದೂ ಆ ವರ್ಷವೇ. ಸೇಬನ್ ಕಾಲದಲ್ಲಿ ಎನ್‌ಎಫ್‌ಎಲ್ ಆಯ್ಕೆಯ ಮೊದಲ ಸುತ್ತಿನಲ್ಲೇ ಹೋದ ಅಲಬಾಮಾ ಆಟಗಾರರು 40ಕ್ಕೂ ಹೆಚ್ಚು. ಇದನ್ನು ನೋಡಿದ ಮುಂದಿನ ಹುಡುಗ ಬೇರೆ ಕಾಲೇಜಿಗೆ ಯಾಕೆ ಹೋಗುತ್ತಾನೆ ಹೇಳಿ.

ಅವರ ದಿನಚರಿ ಕೇಳಿದರೆ ನಗು ಬರುತ್ತದೆ. ಬೆಳಿಗ್ಗೆ ಪ್ಯಾಕೆಟ್‌ನಲ್ಲಿ ಬರುವ ಎರಡು ಓಟ್‌ಮೀಲ್ ಕ್ರೀಮ್ ಪೈ. ಮಧ್ಯಾಹ್ನ ಅದೇ ಸಲಾಡ್: ಲೆಟಸ್ ಸೊಪ್ಪು, ಟೊಮೆಟೊ, ಟರ್ಕಿ ಮಾಂಸದ ಚೂರು. ಪ್ರತಿದಿನವೂ ಇದೇ. ಏನು ತಿನ್ನಬೇಕು ಅಂತ ಯೋಚಿಸುವ ಸಮಯವೂ ಉಳಿಯಲಿ ಅಂತ. ಜೊತೆಗಿದ್ದವರಿಗೆ ಇದು ಸುಲಭದ ಬಾಳಲ್ಲ. ತಂಡ ಭರ್ಜರಿಯಾಗಿ ಮುಂದಿದ್ದಾಗಲೂ ಹೆಡ್‌ಸೆಟ್ ಕಿತ್ತು ನೆಲಕ್ಕೆ ಬಡಿದು ಸಹಾಯಕರ ಬೆವರಿಳಿಸುತ್ತಿದ್ದ ದೃಶ್ಯ ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ.

ನನಗೆ ಅವರಲ್ಲಿ ತುಂಬಾ ಇಷ್ಟವಾದದ್ದು ಇದ್ಯಾವುದೂ ಅಲ್ಲ. ಒಪ್ಪದ ವಿಷಯವನ್ನೂ ಕಲಿತುಕೊಂಡ ಗುಣ. ಸೇಬನ್ ಮೂಲತಃ ಡಿಫೆನ್ಸ್ ಮನುಷ್ಯ. ಬಿಡುವೇ ಕೊಡದೆ ಪಟಪಟ ಅಂತ ಆಡುವ ಹೊಸ ಶೈಲಿ ಬಂದಾಗ, ಫುಟ್‌ಬಾಲ್ ಹೀಗಾಗಬೇಕಾ ಅಂತ 2012ರಲ್ಲಿ ಬಹಿರಂಗವಾಗಿ ಗೊಣಗಿದರು. ಯಾರೂ ಕೇಳಲಿಲ್ಲ. 2014ರಲ್ಲಿ ತಮ್ಮ ಸ್ವಭಾವಕ್ಕೆ ತೀರಾ ವಿರುದ್ಧದ ಲೇನ್ ಕಿಫಿನ್ ಅವರನ್ನು ಕರೆಸಿ ದಾಳಿಯ ಜವಾಬ್ದಾರಿ ಕೊಟ್ಟರು. 2020ರ ಹೊತ್ತಿಗೆ ಅದೇ ಅಲಬಾಮಾ ಫೈನಲ್‌ನಲ್ಲಿ 52 ಪಾಯಿಂಟ್ ಬಾರಿಸುವ ತಂಡವಾಗಿತ್ತು.

ಆಡಮ್ ಗ್ರಿಫಿತ್ ಎಂಬ ಕಿಕ್ಕರ್ ಕಥೆ ಇಲ್ಲಿ ಹೇಳಲೇಬೇಕು. 2013ರ ನವೆಂಬರ್ 30, ಬದ್ಧವೈರಿ ಆಬರ್ನ್ ಜೊತೆ ಪಂದ್ಯ, 28–28 ಸಮ. ಗಡಿಯಾರ ಸೊನ್ನೆಗೆ ಬಂದಿತ್ತು. ಇನ್ನೂ ಒಂದು ಸೆಕೆಂಡ್ ಉಳಿದಿದೆ ಅಂತ ಸೇಬನ್ ಪಟ್ಟುಹಿಡಿದರು, ರೀಪ್ಲೇ ನೋಡಿ ರೆಫರಿ ಕೊಟ್ಟರು. ಗೋಲ್ ಕಂಬಗಳ ನಡುವೆ ಚೆಂಡು ದಾಟಿಸಲು 57 ಗಜದ ಕಿಕ್. ಗ್ರಿಫಿತ್ ಒದ್ದ ಚೆಂಡು ಸಾಲಲಿಲ್ಲ. ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದವನೇ ಇಡೀ ಮೈದಾನ ಓಡಿ ಸ್ಕೋರ್ ಮಾಡಿಬಿಟ್ಟ. 34–28. ತಾವೇ ಕೇಳಿ ಪಡೆದ ಒಂದು ಸೆಕೆಂಡ್ ತಮಗೇ ಮುಳುವಾಯಿತು. ಎರಡು ವರ್ಷ ಕಳೆದು, 2016ರ ಜನವರಿಯಲ್ಲಿ ಕ್ಲೆಮ್ಸನ್ ವಿರುದ್ಧ 2015ರ ಸೀಸನ್‌ನ ಫೈನಲ್. 24–24 ಸಮ, ಕೊನೆಯ ಕ್ವಾರ್ಟರ್. ಚೆಂಡನ್ನು ದೂರಕ್ಕೆ ಒದೆಯುವ ಬದಲು ಪಕ್ಕಕ್ಕೆ ಚಿಮ್ಮಿಸಿ ತಮ್ಮವರೇ ಹಿಡಿಯಬೇಕು ಅಂತ ಸೇಬನ್ ಸೂಚನೆ ಕೊಟ್ಟರು. ತಪ್ಪಿದರೆ ಪಂದ್ಯವೇ ಕೈತಪ್ಪಬಹುದಿತ್ತು. ಒದ್ದವನು ಅದೇ ಗ್ರಿಫಿತ್. ಚೆಂಡು ನಿಖರವಾಗಿ ಬಿತ್ತು, ಅಲಬಾಮಾ ಹಿಡಿಯಿತು, ಸೇಬನ್ ಹಲ್ಲು ಬಿಟ್ಟು ನಕ್ಕರು. ಆ ನಗು ಎಷ್ಟು ಅಪರೂಪ ಅಂದರೆ ಅದರದ್ದೇ ಫೋಟೊ ಊರೆಲ್ಲ ಓಡಾಡಿತು. ಅಲಬಾಮಾ 45–40ರಿಂದ ಗೆದ್ದಿತು.

ಇನ್ನೊಂದು ಪಂದ್ಯ 2018ರ ಜನವರಿ 8ರದು. 2017ರ ಸೀಸನ್‌ನ ಫೈನಲ್, ಎದುರಿಗೆ ಜಾರ್ಜಿಯಾ, ಅರ್ಧ ಆಟಕ್ಕೆ 0–13. ಎರಡು ವರ್ಷದಿಂದ ಗೆಲ್ಲಿಸುತ್ತಾ ಬಂದಿದ್ದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಅವರನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಗೊವೈಲೋವಾನನ್ನು ಇಳಿಸಿದರು. ಪಂದ್ಯ ಹೆಚ್ಚುವರಿ ಆಟಕ್ಕೆ ಹೋಯಿತು. ಜಾರ್ಜಿಯಾ 23–20ರಿಂದ ಮುಂದೆ. ಟುವಾ ಮೊದಲು 16 ಗಜ ಹಿಂದಕ್ಕೆ ಹೋಗಿ ಬಿದ್ದ, ಮರುಕ್ಷಣವೇ ಡೆವಾಂಟಾ ಸ್ಮಿತ್‌ಗೆ 41 ಗಜದ ಎಸೆತ. 26–23. ಇದರಲ್ಲಿ ಕೋಚ್ ಪಾಲೆಷ್ಟು, ಹುಡುಗನ ಪಾಲೆಷ್ಟು ಅಂತ ನೀವೇ ಲೆಕ್ಕ ಹಾಕಿ. ಎಸೆದದ್ದು ಟುವಾ, ಎಸೆಯಲು ಅವನೇ ಅಲ್ಲಿರಬೇಕು ಎಂದದ್ದು ಸೇಬನ್. ಹೊರಗೆ ಕೂತ ಹರ್ಟ್ಸ್ ಮುಖ ತಿರುಗಿಸಲಿಲ್ಲ. ಮುಂದಿನ ಸೀಸನ್‌ನಲ್ಲಿ ಅದೇ ಜಾರ್ಜಿಯಾ ವಿರುದ್ಧ ಟುವಾ ಗಾಯಗೊಂಡಾಗ ಬಂದು ಗೆಲ್ಲಿಸಿದರು. 2025ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಪರ ಸೂಪರ್ ಬೌಲನ್ನೂ ಗೆದ್ದರು.

ಹಣದ ವಿಷಯವನ್ನೂ ಓದುಗರು ಕೇಳುತ್ತಾರೆ. ಕೊನೆಯ ವರ್ಷಗಳಲ್ಲಿ ಸೇಬನ್ ಸಂಬಳ ವರ್ಷಕ್ಕೆ ಒಂದು ಕೋಟಿ ಡಾಲರ್ ದಾಟಿತ್ತು. ಸರ್ಕಾರಿ ಕಾಲೇಜಿನಲ್ಲಿ ಕೋಚ್‌ಗೆ ಇಷ್ಟಾ? ನನಗೂ ಇದು ಅತಿ ಅನ್ನಿಸುತ್ತದೆ. ಆದರೆ ಸ್ಟೇಡಿಯಂನಲ್ಲಿ ಒಂದು ಲಕ್ಷ ಜನ, ಟಿವಿ ಹಕ್ಕಿನ ದುಡ್ಡು, ಬೇರೆ ರಾಜ್ಯಗಳಿಂದ ಜಾಸ್ತಿ ಫೀಸು ಕೊಟ್ಟು ಬಂದ ವಿದ್ಯಾರ್ಥಿಗಳು, ಇವನ್ನೆಲ್ಲ ಕೂಡಿಸಿ ನೋಡಿದ ವಿಶ್ವವಿದ್ಯಾಲಯ ತನಗೆ ಲಾಭವೇ ಆಗಿದೆ ಎನ್ನುತ್ತದೆ. ಆ ದುಡ್ಡಲ್ಲಿ ಆಡುವ ಹುಡುಗರಿಗೆ ಸ್ಕಾಲರ್‌ಶಿಪ್ ಬಿಟ್ಟರೆ ಬಹಳ ವರ್ಷ ಏನೂ ಇರಲಿಲ್ಲ ಅನ್ನೋದು ನಿಮ್ಮ ಪ್ರಶ್ನೆಯೊಳಗಿನ ಮುಳ್ಳು. ಅದು ಸರಿಯಾಗಿಯೇ ಚುಚ್ಚುತ್ತದೆ.

2021ರಿಂದ ಅದು ಬದಲಾಯಿತು. ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು, ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು ಅಂತಾಯಿತು. ಸೇಬನ್ ಕಟ್ಟಿದ್ದ ಪದ್ಧತಿ ನಿಂತಿದ್ದದ್ದು ಹುಡುಗ ಒಂದೆರಡು ವರ್ಷ ಬೆಂಚ್ ಮೇಲೆ ಕೂತು ಕಲಿಯುತ್ತಾನೆ ಅನ್ನೋ ಭರವಸೆ ಮೇಲೆ. ಅವರ ಹಳೆಯ ಸಹಾಯಕರೂ ಗುರುವಿಗೇ ತಿರುಮಂತ್ರ ಹಾಕತೊಡಗಿದ್ದರು. ಸಹಾಯಕರಾಗಿದ್ದವರ ವಿರುದ್ಧ 24–0 ಇದ್ದ ಲೆಕ್ಕವನ್ನು 2021ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ಕೋಚ್ ಜಿಂಬೊ ಫಿಷರ್ ಮುರಿದರು. ಆ ಸೀಸನ್ ಫೈನಲ್‌ನಲ್ಲಿ ಜಾರ್ಜಿಯಾದ ಕರ್ಬಿ ಸ್ಮಾರ್ಟ್ ಸೋಲಿಸಿದರು.

2024ರ ಜನವರಿ 10ರಂದು ಸೇಬನ್ ನಿವೃತ್ತಿ ಹೇಳಿದರು. ಹೆಡ್ ಕೋಚ್ ಆಗಿ ಕಾಲೇಜುಗಳಲ್ಲಿ ಅಧಿಕೃತವಾಗಿ 292 ಗೆಲುವು, 71 ಸೋಲು, ಒಂದು ಸಮ. ಅಲಬಾಮಾದಲ್ಲೇ 201–29. ಆಟಗಾರರು ಸ್ಕಾಲರ್‌ಶಿಪ್‌ನಲ್ಲಿ ಸಿಗುವ ಪಠ್ಯಪುಸ್ತಕ ತೆಗೆದು ಬೇರೆಯವರಿಗೆ ಕೊಟ್ಟ ಪ್ರಕರಣದಲ್ಲಿ 2007ರ ಐದು ಗೆಲುವನ್ನು ಲೆಕ್ಕದಿಂದ ಅಳಿಸಿಹಾಕಿದ್ದರು, ಇಲ್ಲದಿದ್ದರೆ 297. ಎರಡು ತಿಂಗಳ ನಂತರ ವಾಷಿಂಗ್ಟನ್‌ನಲ್ಲಿ ಸಂಸದರ ಜೊತೆ ಕೂತಾಗ, ಐವತ್ತು ವರ್ಷ ತಾವು ನಂಬಿಕೊಂಡು ಬಂದದ್ದು ಈಗ ಈ ಆಟದಲ್ಲಿ ಇಲ್ಲ ಎಂದರು.

ಅವರು ಹೋದ ಕೆಲವೇ ದಿನಗಳಲ್ಲಿ ಅಲಬಾಮಾದ ಒಳ್ಳೊಳ್ಳೆಯ ಹುಡುಗರು ಗಂಟುಮೂಟೆ ಕಟ್ಟಿದರು. ಅವರಲ್ಲಿ ಡಿಫೆನ್ಸ್‌ನ ದೊಡ್ಡ ಹೆಸರು ಕೇಲಬ್ ಡೌನ್ಸ್ ಓಹಾಯೊ ಸ್ಟೇಟ್ ಸೇರಿದರು. ಮರುವರ್ಷದ ಜನವರಿಯಲ್ಲಿ ಚಾಂಪಿಯನ್ ಆದದ್ದು ಓಹಾಯೊ ಸ್ಟೇಟ್. ಸೇಬನ್ ಆಗ ಇಎಸ್‌ಪಿಎನ್‌ನಲ್ಲಿ ಕಾಲೇಜ್ ಫುಟ್‌ಬಾಲ್ ಕಾರ್ಯಕ್ರಮದ ವಿಶ್ಲೇಷಕರಾಗಿದ್ದರು.